ತೌಡಿಗೆ ಮಾರಿದ ಕೂಸು

ಗಂಗಕ್ಕನ ಮೂರನೆಯ ಕೂಸು ಹುಟ್ಟಿದ ಕೂಡಲೇ ಜೋರಾಗಿ ಅತ್ತಿತು. ಮೊದಲಿನ ಎರಡು ಗಂಡುಕೂಸುಗಳು ಅಳುವುದಕ್ಕೂ ಹಿಂದೆಮುಂದೆ ನೋಡಿ, ಒಂಬತ್ತನೆಯ ದಿನ ಕಾಣುವ ಮೊದಲೇ ಹೋಗಿದ್ದವು. ಈ ಅಳು ಕೇಳಿ ಸೂಲಗಿತ್ತಿ ಶೇಷಮ್ಮನಿಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು.

"ಇದರ ಬಾಯಿಗೆ ಮೊಲಿ ಕೊಡಲೇ ಗಂಗಿ, ಕೇಳಿಸ್ಕೊಂಡೀತು," ಎಂದಳು.

ಕೇಳಿಸಿಕೊಳ್ಳುವುದು ಯಾವುದೆಂದು ಅವಳು ಹೇಳಲಿಲ್ಲ. ಗಂಗಕ್ಕ ಕೇಳಲೂ ಇಲ್ಲ.

ಕೌತಾಳದ ಕಡೆಯ ಆ ಹಳ್ಳಿಯಲ್ಲಿ ಮಕ್ಕಳು ನಿಲ್ಲದ ಮನೆಗೆ ಒಂದು ಉಪಾಯವಿತ್ತು. ಕೂಸನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಹೆತ್ತ ಮಕ್ಕಳೆಲ್ಲ ಬದುಕಿರುವ ಹೆಂಗಸೊಬ್ಬಳಿಗೆ ಒಂದು ಸೇರು ತೌಡಿಗೆ ಮಾರಿಬಿಡುವುದು. ಸಾವು ಬಂದು ವಿಚಾರಿಸಿದರೆ ಕೂಸು ಈ ಮನೆಯದಲ್ಲ. ಬೆಲೆಯೂ ಬರೀ ತೌಡು. ಕೊಂಡವಳು "ನನ್ನ ಕೂಸು, ನೀನು ಸಾಕಿಕೊಡು" ಎಂದು ಅದನ್ನು ತಾಯಿಯ ಮಡಿಲಿಗೇ ಹಾಕಿ ಹೋಗುತ್ತಾಳೆ. ತಾಯಿ ಆ ತೌಡಿನ ರೊಟ್ಟಿ ಬಡಿದು ತಿನ್ನುತ್ತಾಳೆ. ಐದು ವರ್ಷ ತುಂಬಿದ ಮೇಲೆ ಅಷ್ಟೇ ತೌಡನ್ನು ಕೊಂಡವಳ ಹೊಸ್ತಿಲಿಗೆ ಒಯ್ದು ಕೂಸನ್ನು ಮರಳಿ ಕೊಂಡು ತರಬೇಕು. ಎಲ್ಲರಿಗೂ ಗೊತ್ತಿದ್ದ ಆಟ ಅದು. ಸಾಮಾನ್ಯವಾಗಿ ಪಕ್ಕದ ಮನೆಯವಳೇ ಕೊಳ್ಳುತ್ತಿದ್ದಳು. ಮರಳಿ ಕೊಡುವ ದಿನ ಎರಡು ಮನೆಯವರೂ ಸೇರಿ ಹೋಳಿಗೆ ಉಣ್ಣುತ್ತಿದ್ದರು.

ಅವತ್ತು ಆದದ್ದು ಬೇರೆ. ಆದೋನಿಯ ಹತ್ತಿ ಸಾವ್ಕಾರರ ಹೆಂಡತಿ ಅಕ್ಕನಾಗಮ್ಮ ಹೊಲ ನೋಡಲು ಬಂದವರು ಕಮಾನು ಬಂಡಿಯಲ್ಲಿ ಊರೊಳಗೆ ಹಾದುಹೋಗುತ್ತಿದ್ದರು. ಅವರಿಗೆ ಆರು ಮಕ್ಕಳು, ಆರೂ ಬದುಕಿದ್ದವು. ಶೇಷಮ್ಮ ಮೊರ ಹಿಡಿದುಕೊಂಡೇ ಓಡಿ ಬಂಡಿ ನಿಲ್ಲಿಸಿದಳು. ಅಕ್ಕನಾಗಮ್ಮ ನಗುತ್ತ ಇಳಿದು, ಯಾರದೋ ಮನೆಯಿಂದ ತೌಡು ತರಿಸಿ, ಕೂಸನ್ನು ಕೊಂಡು, ತಾಯಿಯ ಮಡಿಲಿಗೆ ಹಾಕಿದರು. ಅಂಥವರ ನೆರಳು ಸಿಕ್ಕಿದ್ದು ಭಾಗ್ಯವೆಂದು ಊರೆಲ್ಲ ಮಾತಾಡಿಕೊಂಡಿತು. ಕೂಸಿಗೆ ತೌಡಕ್ಕ ಎಂದು ಹೆಸರಿಟ್ಟರು. ತೌಡಕ್ಕ ಬದುಕಿದಳು, ಬೆಳೆದಳು, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಐದನೆಯ ವರ್ಷ ಮರಳಿ ಕೊಳ್ಳಬೇಕಿತ್ತು. ಆ ಬೇಸಗೆ ಗಂಗಕ್ಕನ ಗಂಡ ಮಾರೆಪ್ಪ ಕುರಿ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ಹೋಗಿದ್ದರಿಂದ ಅದು ಮುಂದಕ್ಕೆ ಹೋಯಿತು. ಆರನೆಯ ವರ್ಷ ಹುಡುಗಿಗೆ ಅಮ್ಮ ಎದ್ದಿತು. ಮೈತುಂಬ ಬೊಕ್ಕೆಯಾಗಿ ಮಲಗಿದವಳನ್ನು ನೋಡಿ ಗಂಗಕ್ಕನಿಗೆ, ಈಗ ಇವಳನ್ನು ನನ್ನವಳೆಂದರೆ ಏನಾದೀತೋ ಎಂಬ ಹೆದರಿಕೆ ಹುಟ್ಟಿತು. ಇರಲಿ, ಹಾಲುಹಲ್ಲೆಲ್ಲ ಬಿದ್ದ ಮೇಲೆ ನೋಡೋಣ ಎಂದುಕೊಂಡಳು. ಅವಳು ಮಾಡಿದ ತಪ್ಪು ಅಷ್ಟೇ.

ಏಳು ತುಂಬಿದ ವರ್ಷ ಕಮಾನು ಬಂಡಿ ಮತ್ತೆ ಬಂತು. ಸೊಸೆ ಕೊಟ್ರಮ್ಮನಿಗೆ ಮೊದಲ ಹೆರಿಗೆ, ತೊಟ್ಟಿಲು ತೂಗಲು ಒಂದು ಹುಡುಗಿ ಬೇಕು ಎಂದರು ಅಕ್ಕನಾಗಮ್ಮ. "ನನ್ನ ಮಗಳು ನನ್ನ ಮನಿ ನೋಡಬ್ಯಾಡೇನು? ಒಂದು ತಿಂಗಳು ಇದ್ದು ಬರ್ತಾಳ." ಹೊಸ ಲಂಗದ ಆಸೆಗೆ ತೌಡಕ್ಕ ತಾನೇ ಬಂಡಿ ಹತ್ತಿದಳು.

ಒಂದು ತಿಂಗಳು ಮೂರು ವರ್ಷವಾಯಿತು.

ಗಂಗಕ್ಕ ಮೊದಲ ಸಲ ಕರೆಯಲು ಹೋದಾಗ ಬೆಣ್ಣೆಯ ಗಡಿಗೆ ಹೊತ್ತು ಹೋಗಿದ್ದಳು. ಅಕ್ಕನಾಗಮ್ಮ ಬೆಣ್ಣೆ ಮೂಸಿ ನೋಡಿ ಒಳಗೆ ಕಳಿಸಿದರು.

"ನೋಡಾಕ ಎಷ್ಟು ಸಲ ಬೇಕಾದ್ರೂ ಬಾ ಗಂಗಿ. ಕರಕೊಂಡು ಹೋಗಾಕ ಮಾತ್ರ ಬರಬ್ಯಾಡ."

"ಒಂದು ತಿಂಗಳಂತ ಅಂದಿದ್ರಲ್ಲ ಅಮ್ಮಾರ."

"ಅಂದಿದ್ದೆ. ತೌಡಿನ ರೊಟ್ಟಿ ತಿಂದಾಕಿ ಯಾರು, ನಾನೋ, ನೀನೋ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಅಕ್ಕನಾಗಮ್ಮನೂ ನಗುತ್ತಲೇ ಅಂದದ್ದು. ಆದರೆ ಗಂಗಕ್ಕನಿಗೆ ಆ ರೊಟ್ಟಿಯ ಒರಟು ರುಚಿ ನಾಲಿಗೆಗೆ ಬಂದಂತಾಯಿತು. ತಿಂದದ್ದು ನಿಜ. ಬಾಣಂತಿ ಹಸಿವಿನಲ್ಲಿ, ಇನ್ನೊಂದಿದ್ದರೆ ಚೆನ್ನಾಗಿತ್ತು ಎಂದುಕೊಂಡು ತಿಂದಿದ್ದಳು. ಅವಳು ಹಿಂದಕ್ಕೆ ಬಂದಳು.

ಎರಡನೆಯ ಸಲವೂ ಇದೇ ಮಾತು. ಮಾರೆಪ್ಪ ಒಮ್ಮೆ ಹೋಗಿ ಬಾಗಿಲಲ್ಲಿ ನಿಂತು ಕೈಮುಗಿದು ಬಂದಿದ್ದ.

ಮೂರನೆಯ ಸಲ ಹೋದಾಗ ಹುಡುಗಿ ಮನೆಯಲ್ಲಿರಲಿಲ್ಲ. ಜಿನ್ನಿಗೆ ಹೋಗಿದ್ದಾಳೆಂದರು. ಹತ್ತಿಯಿಂದ ಬೀಜ ಬಿಡಿಸುವ ಸಾವ್ಕಾರರ ಜಿನ್ನು ಊರ ಹೊರಗಿತ್ತು. ಗಂಗಕ್ಕ ಅದನ್ನು ಹೊರಗಿನಿಂದ ನೋಡಿದ್ದಳೇ ಹೊರತು ಗೇಟು ದಾಟಿರಲಿಲ್ಲ. ಅಂಗಳದಲ್ಲಿ ಮನೆಯೆತ್ತರ ಹತ್ತಿಯ ರಾಶಿಗಳು. ಪ್ರತಿ ರಾಶಿಯ ಬುಡದಲ್ಲೂ ಮಕ್ಕಳು ಕೂತು ಹತ್ತಿಯೊಳಗಿನ ಒಣ ಎಲೆ, ಕಾಯಿಚೂರು ಆರಿಸುತ್ತಿದ್ದವು. ರೆಪ್ಪೆ, ಹುಬ್ಬು, ಕೂದಲು ಎಲ್ಲ ಬಿಳಿ. ಮುದುಕರ ಸಂತೆಯಂತೆ ಕಂಡಿತು. ಅದರಲ್ಲಿ ಒಂದು ಮುದುಕಿ "ಅವ್ವಾ" ಎಂದು ಎದ್ದು ನಿಂತಿತು.

ತೌಡಕ್ಕ ಮಾತಾಡುವ ಮೊದಲು ಕೆಮ್ಮಿದಳು. ಆಮೇಲೆ ಮುಖವೆಲ್ಲ ನಗುವಾಗಿ ಹೇಳಿದಳು:

"ಅವ್ವಾ, ನನ್ನ ಇನ್ನು ಒಳಗ ಹಾಕ್ತಾರಂತ. ಈ ಅಮಾಸಿ ಕಳೀಲಿ ಅಂದಾರ. ಮಿಷನ್ನಿಗೆ ಹತ್ತಿ ಉಣಿಸೋ ಕೆಲಸ. ಬಸವಕ್ಕನ ಜಾಗ ಖಾಲಿ ಐತಿ."

"ಬಸವಕ್ಕ ಯಾರು?"

ಬಸವಕ್ಕ ಗೋಡೆಯ ನೆರಳಲ್ಲಿ ಕೂತಿದ್ದಳು. ಹನ್ನೆರಡು ಹದಿಮೂರು ಇದ್ದೀತು. ಬಲಗೈಗೆ ಅರಿಸಿನ ಹಚ್ಚಿದ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಹತ್ತಿ ಆರಿಸಲು ನೋಡುತ್ತಿದ್ದಳು.

"ಹಂಗ ನೋಡಬ್ಯಾಡತ್ತಿ," ಎಂದಳು ಗಂಗಕ್ಕನಿಗೆ. "ಎರಡು ಬೆರಳು ಅಷ್ಟ. ನಿದ್ದಿಗಣ್ಣಾಗಿದ್ದೆ, ರೂಲಿಗೆ ಸಿಕ್ವು."

ಒಳಗೆ ಮಿಷನ್ನುಗಳ ಮುಂದೆ ಸಾಲಾಗಿ ಹೆಂಗಸರೂ ಹುಡುಗಿಯರೂ ಕೂತಿದ್ದರು. ತಿರುಗುವ ರೂಲುಗಳ ಬಾಯಿಗೆ ಹಿಡಿ ಹಿಡಿಯಾಗಿ ಹತ್ತಿ ಕೊಡುತ್ತಿದ್ದರು. ಕೈಗಳು ಹೋಗುತ್ತಿದ್ದವು, ಬರುತ್ತಿದ್ದವು. ಗಂಗಕ್ಕ ಬಾಗಿಲಲ್ಲಿ ನಿಂತು ಆ ಕೈಗಳನ್ನಷ್ಟೇ ನೋಡಿದಳು. ಅಮಾವಾಸ್ಯೆಗೆ ಇನ್ನು ನಾಲ್ಕು ದಿನವಿತ್ತು.

ಊರಿಗೆ ಬಂದವಳು ಮನೆಗೆ ಹೋಗದೆ ಸೀದಾ ಶೇಷಮ್ಮನ ಗುಡಿಸಲಿಗೆ ಹೋದಳು. ಶೇಷಮ್ಮನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಎಲ್ಲ ಕೇಳಿ, ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಮೂರು ಸಲ ಹೋದ್ಯಲ್ಲಲೇ, ಮೊರ ಒಯ್ದಿದ್ದೇನು?"

"ಇಲ್ಲ."

"ತೌಡು?"

"ಬೆಣ್ಣಿ ಒಯ್ದಿದ್ದೆ."

"ಬೆಣ್ಣಿ! ತೌಡಿಗೆ ಮಾರಿದ್ದನ್ನ ಬೆಣ್ಣಿಗೆ ಕೊಡ್ತಾರೇನು? ಹುಚ್ಚಿ. ನೀನು ಬೇಡಾಕ ಹೋಗಿದ್ದಿ. ಬೇಡಿದ್ರ ಇಲ್ಲ ಅನ್ನಬಹುದು. ಕೊಳ್ಳಾಕ ಹೋದ್ರ ಅನ್ನಂಗಿಲ್ಲ."

ಆಮೇಲೆ ಶೇಷಮ್ಮ ನಿಯಮ ಹೇಳಿದಳು. ಹೊಸ್ತಿಲ ಹೊರಗೆ ಮೊರ ಹಿಡಿದು ನಿಂತು, ಬೀದಿಗೆ ಕೇಳುವಂತೆ ಮೂರು ಸಲ ಕೂಗಬೇಕು. ಮೂರನೆಯ ಕೂಗು ಮುಗಿಯುವುದರೊಳಗೆ ಮನೆಯ ಹೆಂಗಸು ಬಂದು ತೌಡು ಹಾಕಿಸಿಕೊಳ್ಳಬೇಕು. ಹಾಕಿಸಿಕೊಳ್ಳದಿದ್ದರೆ, ಮಾರಿದ ಕೂಸಿನ ಬೆನ್ನು ಹತ್ತಿದ್ದ ಗಾಳಿ ಆ ಮನೆಯ ಕಿರಿಕೂಸಿಗೆ ತಿರುಗುತ್ತದೆ.

ಗಂಗಕ್ಕನಿಗೆ ಆ ಮನೆಯ ಕೂಸು ಕಣ್ಣಿಗೆ ಕಟ್ಟಿತು. ಕೊಟ್ರಮ್ಮನಿಗೆ ಎರಡನೆಯದು ಗಂಡು, ಇನ್ನೂ ಮೂರು ತಿಂಗಳು. ಜಿನ್ನಿನಿಂದ ಬಂದ ಮೇಲೆ ರಾತ್ರಿ ಅದರ ತೊಟ್ಟಿಲನ್ನೂ ತೌಡಕ್ಕನೇ ತೂಗುತ್ತಿದ್ದಳು.

"ಬ್ಯಾಡಜ್ಜಿ. ಆ ಕೂಸು ಏನು ಮಾಡೈತಿ? ಎರಡು ಮಣ್ಣು ಮಾಡಿದಾಕಿ ನಾನು. ಇನ್ನೊಬ್ರ ಹೊಸ್ತಿಲದಾಗ ನಿಂತು ಹಂಗ ಕೂಗಾಕ ನನ್ನ ಕೈಲಿ ಆಗಂಗಿಲ್ಲ."

"ಎಪ್ಪತ್ತು ವರ್ಷ ಆತು ನನಗ. ಮೂರನೇ ಕೂಗು ಯಾರೂ ಕೂಗಿದ್ದು ನಾನು ಕೇಳಿಲ್ಲ. ಎರಡಕ್ಕ ಬರ್ತಾರ. ಯಾವ ತಾಯಿ ಕೂತಾಳು ಹೇಳು. ನಿನ್ನ ಬಾಯಿ ಬ್ಯಾಡ, ನನ್ನ ಬಾಯಿ ಐತಿ. ಮಾರಿದ್ದೂ ನಾನಾ ಅಲ್ಲೇನು?"

ಮರುದಿನ ಸಂಜೆ ಊರಿನ ಬಂಡಿಕಾರ ಮೌಲಾಲಿ ಆದೋನಿಗೆ ಹತ್ತಿ ಹೇರಿಕೊಂಡು ಹೊರಟಿದ್ದ. ಹತ್ತಿಯ ಮೇಲೆ ಇಬ್ಬರು ಹೆಂಗಸರು, ನಡುವೆ ಮೊರ, ತೌಡಿನ ಗಂಟು. "ಕ್ಯಾ ಅಜ್ಜೀ, ಆದೋನಿಗೆ ತೌಡು ಮಾರಾಕ ಹೊಂಟೀಯೇನು?" ಎಂದು ಮೌಲಾಲಿ ಕೇಳಿದ. "ತಗೊಳ್ಳಾಕ ಹೊಂಟೀನಿ, ನಿನ್ನ ಎತ್ತು ಮುಂದಕ ಹೊಡಿ," ಎಂದಳು ಶೇಷಮ್ಮ.

ರಾತ್ರಿಯೆಲ್ಲ ಬಂಡಿಯಲ್ಲಿ ಕಳೆದು, ಬೆಳಿಗ್ಗೆ ಆದೋನಿಯ ಕೋಟೆಗುಡ್ಡದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಅವರು ಅಕ್ಕನಾಗಮ್ಮನ ಬಾಗಿಲಲ್ಲಿದ್ದರು. ನೀರಿಗೆ ಹೋಗುವವರು, ಸೊಪ್ಪು ಮಾರುವವರು, ಜಿನ್ನಿಗೆ ಹೊರಟ ಹೆಂಗಸರು ಎಲ್ಲ ಅದೇ ಬೀದಿಯಲ್ಲಿ. ಅದು ಅಕ್ಕನಾಗಮ್ಮ ಲಿಂಗಪೂಜೆಗೆ ಕೂರುವ ಹೊತ್ತು. ಪೂಜೆ ಮುಗಿಯುವ ತನಕ ಅವರು ಏಳುವುದಿಲ್ಲ, ಮಾತಾಡುವುದಿಲ್ಲ. ಇದು ಶೇಷಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೊನೆಯವರೆಗೂ ಹೇಳಲಿಲ್ಲ.

"ತೌಡಿನ ಕೂಸು ಈ ಮನ್ಯಾಗ ಐತಂತ!" ಶೇಷಮ್ಮನ ಗಂಟಲು ಸಂತೆಯ ಗಂಟಲು. "ಹೆತ್ತಾಕಿ ಬಂದಾಳ. ಸೇರಿಗೆ ಸೇರು ತಂದಾಳ. ಕೊಡ್ತೀರೇನ್ರೀ!"

ಒಳಗೆ ಪೂಜೆಯ ಗಂಟೆ ಗಣಗಣ ಬಡಿಯಿತು. ಸಾಮಾನ್ಯಕ್ಕಿಂತ ಜೋರಾಗಿ. ಬೀದಿಯಲ್ಲಿ ನಾಲ್ಕು ಜನ ನಿಂತರು.

"ಏಮೈಂದಮ್ಮಾ?" ಎಂದು ಸೊಪ್ಪಿನವಳು ಬುಟ್ಟಿ ಇಳಿಸಿದಳು. ಏನಾಯಿತೆಂದು ಯಾರೋ ತೆಲುಗಿನಲ್ಲೇ ವಿವರಿಸಿದರು. ಅವಳಿಗೆ ಪದ್ಧತಿ ಗೊತ್ತಿತ್ತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆ ನೋಡಿದಳು.

ಎರಡನೆಯ ಕೂಗಿಗೆ ಗಂಟೆ ಇನ್ನೂ ಜೋರಾಯಿತು. ಯಾರೂ ಬರಲಿಲ್ಲ. ಗಂಗಕ್ಕ ಶೇಷಮ್ಮನ ತೋಳು ಹಿಡಿದಳು. "ಬ್ಯಾಡಜ್ಜಿ, ಸಾಕು." ಶೇಷಮ್ಮ ಉಸಿರೆಳೆದುಕೊಂಡಳು, "ತೌಡಿನ" ಎನ್ನುವಷ್ಟರಲ್ಲಿ ಒಳಗಿನಿಂದ ಓಡುವ ಕಾಲ್ಗೆಜ್ಜೆಯ ಸದ್ದು ಕೇಳಿತು. ಕೊಟ್ರಮ್ಮ. ತಲೆ ಬಾಚಿರಲಿಲ್ಲ. ಹೊಸ್ತಿಲಲ್ಲಿ ಕೂತು, ಎರಡೂ ಕೈಯಲ್ಲಿ ಸೆರಗೊಡ್ಡಿದಳು.

"ಹಾಕ್ರೀ. ನನ್ನ ಸೆರಗಿಗೆ ಹಾಕ್ರೀ, ಲಗೂನ."

ಗಂಗಕ್ಕ ಅವಸರದಲ್ಲಿ ಗಂಟು ಬಿಚ್ಚಿ ಸುರಿದಾಗ ಅರ್ಧ ತೌಡು ನೆಲಕ್ಕೆ ಬಿತ್ತು. ಕೊಟ್ರಮ್ಮ ಅದನ್ನೂ ಬಳಿದು ಸೆರಗಿಗೆ ಹಾಕಿಕೊಂಡಳು.

ಅಕ್ಕನಾಗಮ್ಮ ಪೂಜೆ ಮುಗಿಸಿ ಬಂದಾಗ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಯಾರನ್ನ ಕೇಳಿ ಸೆರಗೊಡ್ಡಿದಿ?"

"ಮೂರನೇದು ಕೂಗಾಕ ಹತ್ತಿದ್ಲು ಅತ್ತಿ."

"ಕೊಂಡಾಕಿ ನಾನು. ಕೊಡಾಕ ನೀನ್ಯಾರು?"

ಶೇಷಮ್ಮ ಮೊರ ಮುಂದಕ್ಕೆ ಚಾಚಿದಳು. "ಹಂಗಾರ ತೌಡು ತಿರುಗಿ ಇದರಾಗ ಹಾಕ್ರಿ ಅಮ್ಮಾರ. ನಿಮ್ಮನ್ನಾ ಕೇಳ್ತೀನಿ. ಒಂದು ಕೂಗು ಇನ್ನೂ ಉಳದೈತಿ."

ಕೊಟ್ರಮ್ಮ ಸೆರಗನ್ನು ಎದೆಗವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಅವಳು ಹಾಗೆ ಹಿಂದೆ ಸರಿದದ್ದು ಅದೇ ಮೊದಲು. ಒಳಗೆ ತೊಟ್ಟಿಲಲ್ಲಿ ಕೂಸು ಎದ್ದು ಮುಲುಗಿತು. ಅಕ್ಕನಾಗಮ್ಮ ಸೊಸೆಯನ್ನು ನೋಡಿದರು, ಮೊರವನ್ನು ನೋಡಿದರು, ಬೀದಿಯಲ್ಲಿ ನಿಂತ ಮುಖಗಳನ್ನು ನೋಡಿದರು. ಅವರು ಕೆಟ್ಟವರೆಂದು ಆ ಬೀದಿಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಬಾಣಂತಿಯರಿಗೆ ತುಪ್ಪ ಕಳಿಸುವವರು, ಜಂಗಮರಿಗೆ ನಿತ್ಯ ಭಿಕ್ಷೆ ನೀಡುವವರು. ಹುಡುಗಿ ತಮ್ಮವಳೆಂದು ಅವರು ನಿಜವಾಗಿಯೂ ನಂಬಿದ್ದರು. ಹಾಗೆ ನಂಬಿದ್ದವರಿಗೆ ಉಳಿದ ಕೂಗನ್ನೂ ನಂಬದೆ ಬೇರೆ ದಾರಿಯಿರಲಿಲ್ಲ.

"ಹತ್ತು ವರ್ಷ ನನ್ನ ನೆಳ್ಳಾಗ ಬದುಕ್ಯಾಳ," ಎಂದರು ಕೊನೆಗೆ.

"ಹೌದ್ರಿ ಅಮ್ಮಾರ," ಎಂದಳು ಗಂಗಕ್ಕ. ವ್ಯಂಗ್ಯವಾಗಿ ಅಲ್ಲ. "ಬದುಕಿದ್ದಾಳಂತಾನ ಬಂದೀನಿ."

ಅಕ್ಕನಾಗಮ್ಮ ಒಳಗೆ ಹೋಗಿ, ಪದ್ಧತಿಯಂತೆ ರವಿಕೆಗೆಂದು ಒಂದು ಕುಬಸದ ಕಣ ತಂದು ಮೊರದಲ್ಲಿ ಹಾಕಿದರು. ಕಣ ಹೊಸದೇ. ಹುಡುಗಿ ಜಿನ್ನಿನಲ್ಲಿದ್ದಾಳೆ, ಹೋಗಿ ಕರಕೊಳ್ಳಿ ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಜಿನ್ನಿನ ಗೇಟಿನಲ್ಲಿ ಗುಮಾಸ್ತ ಪಂಚಾಕ್ಷರಯ್ಯ ಕೂತಿದ್ದರು. ಸುದ್ದಿ ಈ ಹೆಂಗಸರಿಗಿಂತ ಮೊದಲೇ ಸೊಪ್ಪಿನ ಬುಟ್ಟಿಯ ಜೊತೆ ಅಲ್ಲಿಗೆ ತಲುಪಿತ್ತು.

"ಒಂದು ಸೇರು ತೌಡಿಗೆ ಬಿಟ್ರಂತಲ್ಲ?" ಎಂದರು ಕನ್ನಡಕ ಮೇಲೆತ್ತಿ. "ಉಳದಿದ್ರ ನನಗೂ ಒಂದು ಸೇರು ಹಾಕಬೇ ಅಜ್ಜಿ. ಇಪ್ಪತ್ತು ವರ್ಷ ಆತು, ನಾನೂ ಮನಿಗೆ ಹೋಗ್ತೀನಿ."

"ನಿನ್ನ ಹೆತ್ತಾಕಿ ಬರಬೇಕಪ್ಪ ಅದಕ್ಕ," ಎಂದಳು ಶೇಷಮ್ಮ.

ಪಂಚಾಕ್ಷರಯ್ಯ ನಕ್ಕರು, ಆಮೇಲೆ ನಗು ನಿಲ್ಲಿಸಿ, ತಾವೇ ಎದ್ದು ಹೋಗಿ ತೌಡಕ್ಕನನ್ನು ಕರೆತಂದರು. ಹುಡುಗಿ ಗೇಟಿನ ಹತ್ತಿರ ಬಂದು ನಿಂತಳು. ಕೆಲಸ ಬಿಡುವ ಸಿಳ್ಳು ಊದದೆ ಹೊರಗೆ ಕಾಲಿಡಬಾರದೆಂಬುದು ಅವಳ ಮೈಗೆ ಹತ್ತಿತ್ತು. ಗಂಗಕ್ಕ ಅವಳ ಎರಡೂ ಕೈಗಳನ್ನು ಹಿಡಿದು, ಒಂದೊಂದೇ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು. ಹತ್ತೂ ಇದ್ದವು.

"ಬಸವಕ್ಕ?" ಎಂದು ತೌಡಕ್ಕ ಹಿಂತಿರುಗಿ ನೋಡಿದಳು.

ಬಸವಕ್ಕ ಗೋಡೆಯ ನೆರಳಿನಿಂದ ಎಡಗೈ ಎತ್ತಿ, ಹೋಗು ಹೋಗು ಎಂದು ಬೀಸಿದಳು. ಅವಳನ್ನು ಯಾರೂ ತೌಡಿಗೆ ಮಾರಿರಲಿಲ್ಲ. ಬೆಳಿಗ್ಗೆ ಅವಳ ಅವ್ವನೇ ಕೈಹಿಡಿದು ತಂದು ಬಿಡುತ್ತಿದ್ದಳು.

ಊರಿಗೆ ಬಂದ ಮೊದಲ ವಾರ ತೌಡಕ್ಕ ಹೆಚ್ಚಾಗಿ ಮಲಗಿಯೇ ಇದ್ದಳು. ಬೆಳಗಿನ ಹೊತ್ತು ಎದ್ದು ಕೆಮ್ಮಿದರೆ ಉಗುಳಿನಲ್ಲಿ ಬಿಳಿ ಎಳೆ ಬರುತ್ತಿತ್ತು. ಗಂಗಕ್ಕ ಮೆಣಸು ಬೆಲ್ಲ ಅರೆದು ನೆಕ್ಕಿಸಿದಳು, ಕುರಿಹಾಲು ಕಾಯಿಸಿ ಕೊಟ್ಟಳು. ಗಡಿಗೆಯಿಂದ ನೀರು ಕುಡಿಯಲೂ ಹುಡುಗಿ ಕೇಳಿ ಕುಡಿಯುತ್ತಿದ್ದಳು. "ಕುಡೀಲೇನವ್ವಾ?" ಮೊದಲು "ಕುಡಿ" ಎನ್ನುತ್ತಿದ್ದ ಗಂಗಕ್ಕ ಆಮೇಲೆ ಕೇಳಿಸದವಳಂತೆ ಉಣ್ಣೆ ನೂಲುತ್ತ ಕೂತುಬಿಟ್ಟಳು. ಕಾದು ಕಾದು ಒಂದು ದಿನ ಹುಡುಗಿ ತಾನೇ ತಂಬಿಗೆ ಅದ್ದಿ ಗಟಗಟ ಕುಡಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಕೆಮ್ಮು ನಿಂತಿತ್ತು.

ಮಾರೆಪ್ಪ ಕುರಿಯೊಂದಿಗೆ ಬಂದವನು ಮಗಳನ್ನು ನೋಡಿ ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡ. ನಾಲ್ಕು ದಿನ ಬಿಟ್ಟು, "ಮರಿ ಕಾಯಾಕ ಕರಕೊಂಡು ಹೋಗಲೇನು?" ಎಂದ.

"ಈ ವರ್ಷ ಎಲ್ಲಿಗೂ ಬರಂಗಿಲ್ಲ," ಎಂದಳು ಗಂಗಕ್ಕ.

"ಮನ್ಯಾಗ ಏನು ಮಾಡ್ತಾಳ?"

"ಏನೂ ಮಾಡಂಗಿಲ್ಲ."

ಈ ಮಾತು ಊರಿಗೆ ಹರಡಿ ಗಂಗಕ್ಕ ನಗೆಪಾಟಲಾದಳು. ಹತ್ತು ವರ್ಷದ ಹೆಣ್ಣುಹುಡುಗಿಯನ್ನು ಏನೂ ಮಾಡಿಸದೆ ಕೂರಿಸುತ್ತಾಳಂತೆ, ಸಾವ್ಕಾರ್ತಿಯ ಮಗಳನ್ನಾಗಿ ಮಾಡಿ ತಂದಿದ್ದಾಳೆ ಎಂದು ಬಾವಿಕಟ್ಟೆಯಲ್ಲಿ ಅಂದರು. ಗಂಗಕ್ಕ ಜಗಳಕ್ಕೆ ಹೋಗಲಿಲ್ಲ. ಜಗಳ ಅವಳಿಗೆ ಬರುತ್ತಲೂ ಇರಲಿಲ್ಲ.

ಮುಂದಿನ ಸುಗ್ಗಿಗೆ ಮೌಲಾಲಿ ಆದೋನಿಯಿಂದ ಖಾಲಿ ಬಂಡಿ ಹೊಡೆದುಕೊಂಡು ಬಂದು, ಹತ್ತಿ ಆರಿಸಲು ಐದಾರು ಮಕ್ಕಳು ಬೇಕಂತೆ, ಜಿನ್ನಿನವರು ಹೇಳಿ ಕಳಿಸಿದ್ದಾರೆ ಎಂದ. ಗಂಗಕ್ಕ ಬಾಗಿಲಿಗೆ ಅಡ್ಡ ನಿಂತಳು. ಆದರೆ ಅವನು ಬಂಡಿಯನ್ನು ಅವಳ ಮನೆಯ ಕಡೆ ತಿರುಗಿಸಲೂ ಇಲ್ಲ. "ನಿನ್ನ ಮಗಳ ಮಾತು ಯಾರೂ ಎತ್ತಲಿಲ್ಲಮ್ಮಾ," ಎಂದ ಮೌಲಾಲಿ. "ಖರೀದಿ ಖತಂ ಅಂತ ಅಮ್ಮಾರು ಅಂದ್ರು."

ತನ್ನ ಮಗಳು ಉಳಿದಳೆಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮೌಲಾಲಿ ಎತ್ತುಗಳಿಗೆ ನೀರು ಕುಡಿಸುವಷ್ಟು ಹೊತ್ತಿನಲ್ಲಿ ಹೊರಡಲಿದ್ದ ಮಕ್ಕಳ ಮನೆಗಳಿಗೆ ಹೋದಳು. ಹೋಗಬೇಡಿ, ಕಳಿಸಬೇಡಿ ಎಂದು ಯಾರಿಗೂ ಹೇಳಲಿಲ್ಲ. ಬಸವಕ್ಕನ ಕೈ ಹೇಗಿತ್ತೆಂದು ಹೇಳಿದಳು, ಅಷ್ಟೇ. ಎಲ್ಲಿಯವರೆಗೆ ಬಟ್ಟೆ ಸುತ್ತಿತ್ತು, ಬಟ್ಟೆಯ ತುದಿ ಯಾವ ಬಣ್ಣಕ್ಕೆ ತಿರುಗಿತ್ತು ಎಂದು ತನ್ನ ಕೈಯ ಮೇಲೆ ಗೆರೆ ಎಳೆದು ತೋರಿಸಿದಳು. ಆರು ಮಕ್ಕಳಲ್ಲಿ ಇಬ್ಬರು ಬಂಡಿ ಹತ್ತಿದರು, ನಾಲ್ವರು ಹತ್ತಲಿಲ್ಲ. ಅದರ ಮುಂದಿನ ವರ್ಷ ಒಬ್ಬ ಹೋದ. ಆಮೇಲೆ ಪ್ರತಿ ಸುಗ್ಗಿಯಲ್ಲೂ ಮೌಲಾಲಿಯ ಬಂಡಿಯ ಗೆಜ್ಜೆ ಕೇಳಿದರೆ ಗಂಗಕ್ಕ ಕದಿರು ಕೆಳಗಿಟ್ಟು ಎದ್ದು ಹೊರಡುವುದು ಊರಿಗೆ ರೂಢಿಯಾಯಿತು.

ಶೇಷಮ್ಮ ಹೋದ ಮೇಲೆ ಹೆರಿಗೆಗಳಿಗೂ ಅವಳನ್ನೇ ಕರೆಯತೊಡಗಿದರು. ಕೂಸು ಮಾರುವ ಪದ್ಧತಿಯನ್ನು ಅವಳು ಬಿಡಿಸಲಿಲ್ಲ. ಬಿಡಿಸುವ ಧೈರ್ಯ ಅವಳಿಗೂ ಇರಲಿಲ್ಲ. ಆದರೆ ಕೊಳ್ಳುವವಳು ಅದೇ ಓಣಿಯವಳಾಗಿರಬೇಕು, ಮಾರಿದವಳಿಗಿಂತ ಬಡವಳಾಗಿರಬೇಕು, ಹೊತ್ತು ಮುಳುಗುವುದರೊಳಗೆ ಕೂಸನ್ನು ಮರಳಿ ಕೊಡಬೇಕು ಎಂದಳು. ಅಷ್ಟು ಬೇಗ ಕೊಟ್ಟರೆ ಸಾವಿಗೆ ಗೊತ್ತಾಗುವುದಿಲ್ಲವೇ ಎಂದು ಒಬ್ಬ ಬಾಣಂತಿ ಕೇಳಿದಾಗ, "ಅದು ಒಂದ್ಸಲ ನೋಡಿ ಹೋಗ್ತೈತಿ, ಐದು ವರ್ಷ ಕೂತು ಕಾಯಾಕ ಅದಕ್ಕೇನು ಬ್ಯಾರೆ ಕೆಲಸ ಇಲ್ಲೇನು?" ಎಂದಳಂತೆ.

ಆದರೆ ಅವೆಲ್ಲ ಆಮೇಲಿನ ಮಾತು. ಮೌಲಾಲಿಯ ಬಂಡಿ ಮೊದಲ ಸಲ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೋದ ಆ ಮಧ್ಯಾಹ್ನ ಗಂಗಕ್ಕ ಮನೆಗೆ ಬಂದು ಒಲೆಯ ಮುಂದೆ ಸುಮ್ಮನೆ ಕೂತಳು. ಹೊರಗೆ ಬೇವಿನ ಮರದ ಕೆಳಗೆ ಚಿಕ್ಕ ಮಕ್ಕಳು ನೆಲದ ಮೇಲೆ ಮನೆ ಬರೆದು ಕುಂಟಾಟ ಆಡುತ್ತಿದ್ದರು. ಆರೇಳು ವರ್ಷದ ಆ ಮಕ್ಕಳ ನಡುವೆ ಹನ್ನೊಂದರ ತೌಡಕ್ಕ ಉದ್ದಕ್ಕೆ ನಿಂತಿದ್ದಳು. ಅವಳಿಗೆ ಆಟ ಬರುತ್ತಿರಲಿಲ್ಲ. ಬಿಲ್ಲೆ ಗೆರೆಯ ಮೇಲೆ ಬೀಳುತ್ತಿತ್ತು, ಎತ್ತಿದ ಕಾಲು ನೆಲಕ್ಕೆ ತಾಕುತ್ತಿತ್ತು.

"ಔಟು! ತೌಡಕ್ಕ ಔಟು!" ಎಂದು ಒಂದು ಪುಟ್ಟ ಹುಡುಗಿ ಕಿರುಚಿತು.

"ತಾಕಿಲ್ಲ!"

"ತಾಕೈತಿ! ನಾನು ನೋಡೀನಿ!"

"ಕಣ್ಣು ಎಲ್ಲಿ ಇಟ್ಟಿದ್ದಿ, ನೆತ್ತಿ ಮ್ಯಾಲೇನು?" ತೌಡಕ್ಕ ಜಗಳಕ್ಕೆ ನಿಂತಳು. ಆ ಮಗುವಿಗಿಂತ ಎಷ್ಟೋ ಎತ್ತರವಿದ್ದರೂ ಸಮಸಮ ಕೂಗಾಡಿದಳು, ಸೋತಳು, ಮೊದಲ ಮನೆಗೆ ಹೋಗಿ ಮತ್ತೆ ಕಾಲೆತ್ತಿದಳು.

ಸಾರಿಗೆ ಒಗ್ಗರಣೆ ಹಾಕುವ ಹೊತ್ತಾಗಿತ್ತು. ನೀರು ತರಲು ಯಾರನ್ನಾದರೂ ಕಳಿಸಬೇಕಿತ್ತು. ಗಂಗಕ್ಕ ಕೊಡ ಎತ್ತಿಕೊಂಡು ತಾನೇ ಬಾವಿಗೆ ಹೊರಟಳು.